ಮುಳ್ಳುತಂತಿ, ಬಾಂಬ್, ಟ್ಯೂಬ್‌ಲೈಟ್: ಏನಿದು ಜಪಾನಿನ ‘ಡೆತ್‌ಮ್ಯಾಚ್’ ಕುಸ್ತಿ? ಬಣಗಳ ಕಾದಾಟದ ಹಿಂದಿನ ಕಥೆ ಇಲ್ಲಿದೆ

"ಟಿಕೆಟ್ ಇದೆಯಾ?"

1988ರ ಕೊನೆಯಲ್ಲಿ ಜಪಾನಿನ ಒಸಾಕಾ ನಗರದಲ್ಲಿ ಒಂದು ಕುಸ್ತಿ ಪ್ರದರ್ಶನ ನಡೆಯುತ್ತಿತ್ತು. ಅಲ್ಲಿಗೆ ಸವಾಲಿನ ಪತ್ರ ಹಿಡಿದು ಬಂದ ಮಾಜಿ ಕುಸ್ತಿಪಟುವೊಬ್ಬರಿಗೆ ಸಂಘಟಕರು ಕೇಳಿದ ಪ್ರಶ್ನೆ ಇದು ಎಂಬ ಕಥೆ ಜಪಾನಿನ ಕುಸ್ತಿ ಅಭಿಮಾನಿಗಳ ನಾಲಿಗೆಯಲ್ಲಿ ಇಂದಿಗೂ ಇದೆ. ಬಂದವರ ಹೆಸರು ಅತ್ಸುಶಿ ಒನಿಟಾ. ಮೊಣಕಾಲು ಮುರಿದುಕೊಂಡು ನಿವೃತ್ತರಾಗಿದ್ದವರು. ಪ್ರದರ್ಶನ ನಡೆಸುತ್ತಿದ್ದದ್ದು ಆಗ ಯುವಕರ ಕಣ್ಮಣಿಯಾಗಿದ್ದ ಯುಡಬ್ಲ್ಯುಎಫ್ ಸಂಸ್ಥೆ. ಒನಿಟಾ ಅವರನ್ನು ಒಳಗೆ ಬಿಡಲಿಲ್ಲ.

ಮರುವರ್ಷವೇ ಅವರು ಸ್ವಂತ ಸಂಸ್ಥೆ ಕಟ್ಟಿದರು. ಅದರ ಮರುವರ್ಷ ರಿಂಗ್‌ನ ಹಗ್ಗ ಬಿಚ್ಚಿ ಮುಳ್ಳುತಂತಿ ಕಟ್ಟಿಸಿದರು, ತಂತಿಗೆ ಸಿಡಿಮದ್ದು ಸಿಕ್ಕಿಸಿದರು. ಟಿಕೆಟ್ ಕೇಳಿಸಿಕೊಂಡ ಮನುಷ್ಯ ಮುಂದೆ ಹತ್ತಾರು ಸಾವಿರ ಜನ ತನ್ನ ಹೆಸರಿನ ಟಿಕೆಟ್ ಕೊಳ್ಳುವಂತೆ ಮಾಡಿದರು. ಜಪಾನಿನ ಡೆತ್‌ಮ್ಯಾಚ್ ಕುಸ್ತಿಯ ದೊಡ್ಡ ಅಧ್ಯಾಯ ಶುರುವಾದದ್ದು ಹೀಗೆ.

ಯೂಟ್ಯೂಬ್‌ನಲ್ಲಿ, ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ ಇಂತಹ ಪಂದ್ಯಗಳ ತುಣುಕುಗಳನ್ನು ನೀವೂ ನೋಡಿರಬಹುದು. ಒಬ್ಬನ ಬೆನ್ನ ಮೇಲೆ ಟ್ಯೂಬ್‌ಲೈಟ್‌ಗಳ ಕಟ್ಟು ಪುಡಿಯಾಗುತ್ತದೆ, ಬಿಳಿ ಹೊಗೆ ಏಳುತ್ತದೆ, ರಕ್ತ ಇಳಿಯುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. "ಇವರಿಗೇನು ಹುಚ್ಚೇ?" ಎಂದು ಸ್ಕ್ರೋಲ್ ಮಾಡಿ ಮುಂದೆ ಹೋಗುವವರೇ ಹೆಚ್ಚು. ಈ ಹುಚ್ಚಿಗೂ ಒಂದು ಲೆಕ್ಕಾಚಾರವಿದೆ, ಇತಿಹಾಸವಿದೆ, ಬಣಗಳ ರಾಜಕೀಯವಿದೆ.

ಏನಿದು ಡೆತ್‌ಮ್ಯಾಚ್?

ಹೆಸರು ಕೇಳಿ ಬೆಚ್ಚಬೇಡಿ. ಇದು ಸಾಯುವವರೆಗೆ ಹೊಡೆದಾಡುವ ಪಂದ್ಯವಲ್ಲ. ಮಾಮೂಲಿ ಪ್ರೊ ರೆಸ್ಲಿಂಗ್ ಪಂದ್ಯಕ್ಕೆ ಒಂದು ಅಪಾಯಕಾರಿ ಷರತ್ತು ಸೇರಿಸಿದರೆ ಅದು ಡೆತ್‌ಮ್ಯಾಚ್. ಹಗ್ಗದ ಬದಲು ಮುಳ್ಳುತಂತಿ ಇರಬಹುದು, ಮೊಳೆ ಹೊಡೆದ ಹಲಗೆ ಇರಬಹುದು, ಗಾಜಿನ ಹಾಳೆ, ಬ್ಲೇಡ್ ಅಂಟಿಸಿದ ಹಲಗೆ, ಬೆಂಕಿ ಅಥವಾ ಟ್ಯೂಬ್‌ಲೈಟ್ ಇರಬಹುದು. ಗೆಲುವಿನ ನಿಯಮ ಮಾತ್ರ ಹೆಚ್ಚಾಗಿ ಹಳೆಯದೇ: ಎದುರಾಳಿಯ ಎರಡೂ ಭುಜ ಮೂರು ಎಣಿಸುವವರೆಗೆ ನೆಲಕ್ಕೆ ತಾಗಿರಬೇಕು.

ಷರತ್ತುಗಳನ್ನು ಪಂದ್ಯದ ಹೆಸರಿನಲ್ಲೇ ಪೋಣಿಸುವುದು ಜಪಾನಿನ ಪದ್ಧತಿ. ‘ಹಗ್ಗವಿಲ್ಲದ, ಮುಳ್ಳುತಂತಿಯ, ವಿದ್ಯುತ್ ಸ್ಫೋಟದ, ಟೈಂಬಾಂಬ್ ಡೆತ್‌ಮ್ಯಾಚ್’ ಎಂದು ಪೋಸ್ಟರ್ ಮೇಲೆ ಉದ್ದಕ್ಕೆ ಬರೆದಿರುತ್ತದೆ. ಹೆಸರು ಓದಿದರೆ ಸಾಕು, ಒಳಗೆ ಏನೇನು ಇರುತ್ತದೆ ಎಂದು ಪ್ರೇಕ್ಷಕನಿಗೆ ತಿಳಿಯುತ್ತದೆ.

ಇದೆಲ್ಲಾ ನಾಟಕವೇ?

ಡಬ್ಲ್ಯುಡಬ್ಲ್ಯುಇ ನೋಡುವವರನ್ನು ಕಾಡುವ ಪ್ರಶ್ನೆಯೇ ಇಲ್ಲಿಯೂ ಏಳುತ್ತದೆ. ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಯಾರು ಗೆಲ್ಲಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಎದುರಾಳಿಗಳು ಒಬ್ಬರ ದೇಹವನ್ನು ಒಬ್ಬರು ನಂಬಿ ಕೆಲಸ ಮಾಡುತ್ತಾರೆ. ಆದರೆ ಗಾಜು ಗಾಜೇ, ಮುಳ್ಳುತಂತಿ ಮುಳ್ಳುತಂತಿಯೇ. ಮೈ ಹರಿದಾಗ ಬರುವುದು ನಿಜವಾದ ರಕ್ತ, ಪಂದ್ಯದ ನಂತರ ಹಾಕುವುದು ನಿಜವಾದ ಹೊಲಿಗೆ.

ಸ್ಫೋಟದ ವಿಚಾರವೂ ಹಾಗೆಯೇ. ತಂತಿಗೆ ಕಟ್ಟಿದ ಸಣ್ಣ ಸಿಡಿಮದ್ದುಗಳು ದೇಹ ತಗುಲಿದಾಗ ಸಿಡಿಯುವಂತೆ ವ್ಯವಸ್ಥೆ ಇರುತ್ತದೆ. ಹೊಗೆ, ಕಿಡಿ, ಸದ್ದು ದೊಡ್ಡದು. ಕೊಲ್ಲುವಷ್ಟು ಶಕ್ತಿ ಅದರಲ್ಲಿಲ್ಲ, ಆದರೆ ಚರ್ಮ ಸುಡುವಷ್ಟು ಇದೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಇಬ್ಬರ ಗಾಯದ ರಕ್ತ ಬೆರೆತರೆ ಹೆಪಟೈಟಿಸ್‌ನಂತಹ ಸೋಂಕು ಹರಡಬಹುದು.

ಹಾಗಾಗಿ ಡೆತ್‌ಮ್ಯಾಚ್ ಕುಸ್ತಿಪಟುವಿನ ನಿಜವಾದ ಕಸುಬು ಹೊಡೆಯುವುದಲ್ಲ. ಎಲ್ಲಿ ಬೀಳಬೇಕು, ದೇಹದ ಯಾವ ಭಾಗದಿಂದ ಗಾಜಿಗೆ ತಾಗಬೇಕು, ಕುತ್ತಿಗೆ, ಕಣ್ಣು, ಮಣಿಕಟ್ಟಿನ ನರಗಳನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬ ಅರಿವೇ ಅವರ ವಿದ್ಯೆ.

ಒನಿಟಾಗಿಂತ ಮೊದಲೇ ಇತ್ತು

ಡೆತ್‌ಮ್ಯಾಚ್ ಅನ್ನು ಕಂಡುಹಿಡಿದವರು ಒನಿಟಾ ಎಂಬ ಮಾತು ಪೂರ್ತಿ ನಿಜವಲ್ಲ. 1970ರ ಅಕ್ಟೋಬರ್‌ನಲ್ಲೇ ಐಡಬ್ಲ್ಯುಇ ಎಂಬ ಸಂಸ್ಥೆಯ ರಷರ್ ಕಿಮುರಾ ಜಪಾನಿನಲ್ಲಿ ಮೊದಲ ಬಾರಿಗೆ ಕಬ್ಬಿಣದ ಜಾಲರಿಯೊಳಗೆ ಡೆತ್‌ಮ್ಯಾಚ್ ಆಡಿದ್ದರು. ‘ಜಾಲರಿಯ ರಾಕ್ಷಸ’ ಎಂಬ ಬಿರುದೇ ಅವರಿಗೆ ಅಂಟಿಕೊಂಡಿತು. 1978ರ ಫೆಬ್ರವರಿಯಲ್ಲಿ ಟೋಕಿಯೋದ ಬುಡೋಕಾನ್‌ನಲ್ಲಿ ಅಂಟೋನಿಯೋ ಇನೋಕಿ ಮತ್ತು ಉಮಾನೋಸುಕೆ ಉಯೆಡಾ ಕಾದಾಡಿದಾಗ ರಿಂಗ್‌ನ ಸುತ್ತ ಮೊಳೆ ಹೊಡೆದ ಹಲಗೆ ಹಾಸಲಾಗಿತ್ತು.

ಆದರೆ ಅವೆಲ್ಲ ಅಪರೂಪದ ಪಂದ್ಯಗಳು, ಹಬ್ಬದ ಊಟದಂತೆ. ಅದನ್ನು ದಿನನಿತ್ಯದ ಊಟ ಮಾಡಿದವರು ಒನಿಟಾ.

ಆ ಕಾಲದ ಮಾರುಕಟ್ಟೆ ಗೊತ್ತಿದ್ದರೆ ಇದರ ಕಾರಣ ಅರ್ಥವಾಗುತ್ತದೆ. ಜಪಾನಿನ ಕುಸ್ತಿ ಆಗ ಎರಡು ದೊಡ್ಡ ಮನೆಗಳ ಕೈಯಲ್ಲಿತ್ತು. ಒಂದು ಜೈಂಟ್ ಬಾಬಾ ಅವರ ಆಲ್ ಜಪಾನ್, ಇನ್ನೊಂದು ಇನೋಕಿ ಅವರ ನ್ಯೂ ಜಪಾನ್. ಇಬ್ಬರಿಗೂ ಟಿವಿ ಚಾನೆಲ್‌ಗಳ ಬೆಂಬಲವಿತ್ತು, ದೊಡ್ಡ ಹೆಸರಿನ ವಿದೇಶಿ ಕುಸ್ತಿಪಟುಗಳಿದ್ದರು. ಇವುಗಳಿಗೆ ಪರ್ಯಾಯವಾಗಿ ಎದ್ದ ಯುಡಬ್ಲ್ಯುಎಫ್ ‘ನಮ್ಮದು ನಿಜವಾದ ಹೋರಾಟಕ್ಕೆ ಹತ್ತಿರ’ ಎಂದು ಪ್ರಚಾರ ಮಾಡಿ ಗೆದ್ದಿತ್ತು. ಒನಿಟಾ ಬಳಿ ಟಿವಿ ಇರಲಿಲ್ಲ, ತಾರೆಯರಿರಲಿಲ್ಲ, ಸರಿಯಾದ ಮೊಣಕಾಲೂ ಇರಲಿಲ್ಲ.

1957ರಲ್ಲಿ ನಾಗಾಸಾಕಿಯಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ಜೈಂಟ್ ಬಾಬಾ ಅವರ ಶಿಷ್ಯರಾದವರು. ಕಿರಿಯರ ತೂಕದ ವಿಭಾಗದಲ್ಲಿ ಚಾಂಪಿಯನ್ ಆದರು. 1983ರಲ್ಲಿ ಒಂದು ಪಂದ್ಯ ಮುಗಿಸಿ ರಿಂಗ್‌ನಿಂದ ಕೆಳಗೆ ಜಿಗಿದಾಗ ಮೊಣಕಾಲಿನ ಚಿಪ್ಪು ಒಡೆಯಿತು. 1985ರಲ್ಲಿ ನಿವೃತ್ತಿ. ಜಗತ್ತಿನ ಅತಿ ಅಪಾಯಕಾರಿ ಪಂದ್ಯಗಳಿಗೆ ಹೆಸರಾದ ಮನುಷ್ಯನ ಮೊದಲ ವೃತ್ತಿಜೀವನ ಮುಗಿದದ್ದು ಒಂದು ಸಾದಾ ಜಿಗಿತದಲ್ಲಿ.

50 ಸಾವಿರ ಯೆನ್ ಮತ್ತು ಒಂದು ಖಾಲಿ ಮೈದಾನ

1989ರ ಅಕ್ಟೋಬರ್‌ನಲ್ಲಿ ಒನಿಟಾ ಅವರ ಎಫ್‌ಎಂಡಬ್ಲ್ಯು ಸಂಸ್ಥೆಯ ಮೊದಲ ಪ್ರದರ್ಶನಗಳು ನಾಗೋಯಾ ಮತ್ತು ಟೋಕಿಯೋದಲ್ಲಿ ನಡೆದವು. ಕೈಯಲ್ಲಿದ್ದ ಬಂಡವಾಳ ಬರೀ 50,000 ಯೆನ್ ಎಂಬುದು ಈ ಸಂಸ್ಥೆಯ ಹುಟ್ಟಿನೊಂದಿಗೆ ಬೆಸೆದುಕೊಂಡ ದಂತಕಥೆ.

1990ರ ಆಗಸ್ಟ್ 4ರಂದು ಟೋಕಿಯೋದ ಶಿಯೋದೊಮೆಯಲ್ಲಿ, ಹಳೆಯ ರೈಲ್ವೆ ಗೂಡ್ಸ್ ಯಾರ್ಡ್‌ನ ಬಯಲಿನಲ್ಲಿ, ಒನಿಟಾ ಮತ್ತು ಟಾರ್ಜನ್ ಗೋಟೊ ಮುಖಾಮುಖಿಯಾದರು. ಮುಳ್ಳುತಂತಿ ಸಿಡಿಯುವ ಪಂದ್ಯ ಅದೇ ಮೊದಲು. ‘ಟೋಕಿಯೋ ಸ್ಪೋರ್ಟ್ಸ್’ ಪತ್ರಿಕೆ ಅದನ್ನು ವರ್ಷದ ಶ್ರೇಷ್ಠ ಪಂದ್ಯ ಎಂದು ಆರಿಸಿತು. ವರ್ಷದ ಶ್ರೇಷ್ಠ ಕುಸ್ತಿಪಟು ಪ್ರಶಸ್ತಿಯೂ ಒನಿಟಾ ಪಾಲಾಯಿತು. ಇಂದು ಆ ಶಿಯೋದೊಮೆಯಲ್ಲಿ ಗಗನಚುಂಬಿ ಕಟ್ಟಡಗಳು ನಿಂತಿವೆ.

ಜನ ಬಂದದ್ದು ಸ್ಫೋಟ ನೋಡುವುದಕ್ಕಷ್ಟೇ ಅಲ್ಲ. ಪಂದ್ಯ ಮುಗಿದ ಮೇಲೆ ಒನಿಟಾ ಮೈಕ್ ಹಿಡಿದು ಗಳಗಳನೆ ಅಳುತ್ತಿದ್ದರು. ಸೋತವನನ್ನು ಅಪ್ಪಿಕೊಳ್ಳುತ್ತಿದ್ದರು, ಪ್ರೇಕ್ಷಕರ ಮೇಲೆ ನೀರು ಚಿಮ್ಮಿಸುತ್ತಿದ್ದರು. ಜಪಾನಿನ ಆರ್ಥಿಕ ಗುಳ್ಳೆ ಒಡೆದ ವರ್ಷಗಳವು. ಮುರಿದ ಕಾಲಿನ, ದೊಡ್ಡ ಮನೆಗಳು ಬೇಡವೆಂದ ಮನುಷ್ಯ ಮತ್ತೆ ಮತ್ತೆ ಎದ್ದು ನಿಲ್ಲುವುದನ್ನು ನೋಡಿ ಜನ ತಾವೂ ಅತ್ತರು.

ಕಾವಾಸಾಕಿ ಕ್ರೀಡಾಂಗಣದ ಕಥೆಯೂ ಇದಕ್ಕೆ ಹೊಂದುತ್ತದೆ. ಕಾರ್ಖಾನೆಗಳ ಊರಾದ ಕಾವಾಸಾಕಿಯಲ್ಲಿದ್ದ ಲೊಟ್ಟೆ ಬೇಸ್‌ಬಾಲ್ ತಂಡ 1991ರ ಋತುವಿನ ನಂತರ ಚಿಬಾ ನಗರಕ್ಕೆ ಹೊರಟುಹೋಯಿತು. ತವರು ತಂಡ ತೊರೆದ ಆ ಮೈದಾನವನ್ನು ಒನಿಟಾ ಪ್ರತಿ ಮೇ 5ರ ಜಾತ್ರೆಯ ಬಯಲಾಗಿಸಿದರು. 1993ರ ಮೇ 5ರಂದು ಅಮೆರಿಕದ ಹಿರಿಯ ಕುಸ್ತಿಪಟು ಟೆರ್ರಿ ಫಂಕ್ ಜೊತೆ ನಡೆದ ಟೈಂಬಾಂಬ್ ಪಂದ್ಯಕ್ಕೆ ಸಂಘಟಕರು ಪ್ರಕಟಿಸಿದ ಪ್ರೇಕ್ಷಕರ ಲೆಕ್ಕ 41,000. ಗೆದ್ದ ಒನಿಟಾ ರಿಂಗ್‌ನಿಂದ ಇಳಿದು ಹೋದವರು, ಫಂಕ್ ಏಳದೆ ಬಿದ್ದಿದ್ದನ್ನು ಕಂಡು ಬಾಂಬ್ ಸಿಡಿಯುವ ಮುನ್ನ ವಾಪಸ್ ಓಡಿ ಬಂದು ಅವರ ಮೇಲೆ ಅಡ್ಡ ಬಿದ್ದರು. ಅದೂ ಕಥೆಯ ಭಾಗವೇ ಇರಬಹುದು. ಆದರೆ ಆ ದೃಶ್ಯ ಡೆತ್‌ಮ್ಯಾಚ್‌ನ ಅಡಿಪಾಯವನ್ನೇ ಹೇಳಿತು: ಎದುರಾಳಿಯನ್ನು ಉಳಿಸಿಕೊಳ್ಳುವುದೂ ಇಲ್ಲಿ ಆಟದ ನಿಯಮ.

ಬಣಗಳು ಏಕೆ ಬೇಕು?

ಟಿವಿ ಇಲ್ಲದ ಸಣ್ಣ ಸಂಸ್ಥೆ ಬದುಕುವುದು ಟಿಕೆಟ್, ಟಿ-ಶರ್ಟ್, ವಿಡಿಯೋ ಕ್ಯಾಸೆಟ್ ಮತ್ತು ಕುಸ್ತಿ ಪತ್ರಿಕೆಗಳ ಬಣ್ಣದ ಫೋಟೋಗಳಿಂದ. ಪ್ರತಿ ತಿಂಗಳೂ ಜನರನ್ನು ಹೊರಡಿಸಲು ಮುಳ್ಳುತಂತಿ ಒಂದೇ ಸಾಲದು. ಯಾರ ಪರ ಕೂಗಬೇಕು ಎಂಬುದು ಜನರಿಗೆ ಗೊತ್ತಿರಬೇಕು. ಅದಕ್ಕೇ ಬಣ.

ಜಪಾನಿನ ಕುಸ್ತಿಯಲ್ಲಿ ಬಣವನ್ನು ಸೈನ್ಯ ಎಂಬ ಅರ್ಥದಲ್ಲಿ ‘ಗುನ್‌ದಾನ್’ ಎನ್ನುತ್ತಾರೆ. ಒಂದೇ ಸಂಸ್ಥೆಯೊಳಗೆ ಎರಡು ಮೂರು ಸೈನ್ಯಗಳು ಇರುತ್ತವೆ. ಕೆಲವೊಮ್ಮೆ ಮುಚ್ಚಿಹೋದ ಸಂಸ್ಥೆಯ ಆಟಗಾರರೇ ಇನ್ನೊಂದರೊಳಗೆ ದಂಡೆತ್ತಿ ಬಂದ ಬಣವಾಗುತ್ತಾರೆ. ನಿಜವಾದ ಜಗಳ ಎಲ್ಲಿ ಮುಗಿಯಿತು, ಕಥೆಯ ಜಗಳ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಜನಕ್ಕೆ ಬೇಕಿರುವುದೂ ಆ ಅನುಮಾನವೇ.

ಇದಕ್ಕೆ ಒಳ್ಳೆಯ ಉದಾಹರಣೆ ವಿಂಗ್. ಎಫ್‌ಎಂಡಬ್ಲ್ಯು ಬೆಳೆದ ಎರಡೇ ವರ್ಷದಲ್ಲಿ, 1991ರಲ್ಲಿ, ಈ ಹೊಸ ಸಂಸ್ಥೆ ಹುಟ್ಟಿತು. ಒನಿಟಾ ಕಣ್ಣೀರು ಮಾರಿದರೆ ವಿಂಗ್ ಭಯ ಮಾರಿತು. ಅದರ ಮುಖ ಮಿತ್ಸುಹಿರೋ ಮಾತ್ಸುನಾಗಾ. 1992ರ ಫೆಬ್ರವರಿಯಲ್ಲಿ ಟೋಕಿಯೋದ ಕೊರಾಕುಯೆನ್ ಹಾಲ್‌ನ ಬಾಲ್ಕನಿಯಿಂದ ಕೆಳಗಿದ್ದವರ ಮೇಲೆ ಹಾರಿ ‘ಮಿಸ್ಟರ್ ಡೇಂಜರ್’ ಆದರು. ಮುಖಕ್ಕೆ ಬಣ್ಣ ಬಳಿದುಕೊಂಡು ಕುಡುಗೋಲು ಹಿಡಿದು ಬರುವ ಮಿಸ್ಟರ್ ಪೋಗೋ ಜೊತೆ ಬೆಂಕಿಯ ಪಂದ್ಯವನ್ನೂ ಆಡಿದರು.

1994ರಲ್ಲಿ ವಿಂಗ್ ಮುಚ್ಚಿತು. ಅದರ ಆಟಗಾರರು ಎಫ್‌ಎಂಡಬ್ಲ್ಯು ಸೇರಿದರು. ಆದರೆ ಶರಣಾದವರಂತೆ ಅಲ್ಲ, ಶತ್ರು ಬಣವಾಗಿ. ಅವರಲ್ಲಿ ಯುಕಿಹಿರೋ ಕನೆಮುರಾ ತಮ್ಮ ಹೆಸರಿಗೇ ಸಂಸ್ಥೆಯ ಹೆಸರು ಸೇರಿಸಿಕೊಂಡು ‘ವಿಂಗ್ ಕನೆಮುರಾ’ ಆದರು. ಜಪಾನಿನಲ್ಲಿ ಹುಟ್ಟಿ ಬೆಳೆದ ಕೊರಿಯನ್ ಮೂಲದ ಅವರ ಬೆನ್ನ ಮೇಲೆ ಬೆಂಕಿ ಪಂದ್ಯ ಬಿಟ್ಟುಹೋದ ದೊಡ್ಡ ಸುಟ್ಟ ಕಲೆ ಇದೆ. 1997ರ ಸೆಪ್ಟೆಂಬರ್‌ನಲ್ಲಿ ಕಾವಾಸಾಕಿಯಲ್ಲಿ ಒನಿಟಾ ಎದುರು ಅವರು ಸೋತಾಗ ಪಣಕ್ಕಿದ್ದದ್ದು ವಿಂಗ್ ಎಂಬ ಹೆಸರೇ. ಮುಂದೆ ಅವರು ಕಿಂತಾರೋ ಕನೆಮುರಾ ಎಂದು ಆಡಿದರು. ಕಂಪನಿ ಮುಚ್ಚಿ ಮೂರು ವರ್ಷವಾದ ಮೇಲೂ ಅದರ ಹೆಸರಿಗಾಗಿ ಜನ ಅಳುವಂತೆ ಮಾಡಿದ್ದು ಬಣದ ಶಕ್ತಿ.

ನಮ್ಮ ‘ಮ್ಯಾನ್‌ಕೈಂಡ್’ ಅಲ್ಲಿ ಚಾಂಪಿಯನ್

90ರ ದಶಕದಲ್ಲಿ ಕೇಬಲ್ ಟಿವಿಯಲ್ಲಿ ಡಬ್ಲ್ಯುಡಬ್ಲ್ಯುಎಫ್ ನೋಡಿ ಬೆಳೆದವರಿಗೆ ಚರ್ಮದ ಮುಖವಾಡದ ಮ್ಯಾನ್‌ಕೈಂಡ್ ನೆನಪಿರಬಹುದು. ಆ ವೇಷದ ಹಿಂದಿದ್ದ ಮಿಕ್ ಫೋಲಿ, ಮ್ಯಾನ್‌ಕೈಂಡ್ ಆಗುವ ಮೊದಲು ‘ಕ್ಯಾಕ್ಟಸ್ ಜ್ಯಾಕ್’ ಹೆಸರಿನಲ್ಲಿ ಜಪಾನಿನ ಐಡಬ್ಲ್ಯುಎ ಜಪಾನ್ ಸಂಸ್ಥೆಗೆ ಆಡುತ್ತಿದ್ದರು. 1995ರ ಆಗಸ್ಟ್ 20ರಂದು ಅದೇ ಕಾವಾಸಾಕಿ ಕ್ರೀಡಾಂಗಣದಲ್ಲಿ ನಡೆದ ‘ಕಿಂಗ್ ಆಫ್ ದಿ ಡೆತ್‌ಮ್ಯಾಚ್’ ಟೂರ್ನಿಯ ಫೈನಲ್‌ನಲ್ಲಿ ಟೆರ್ರಿ ಫಂಕ್ ಅವರನ್ನು ಸೋಲಿಸಿದ್ದು ಅವರೇ.

ಅದೇ ವರ್ಷ ಎಫ್‌ಎಂಡಬ್ಲ್ಯುವಿನಲ್ಲಿ ಇನ್ನೊಂದು ಬಿರುಕು ಬಿಟ್ಟಿತ್ತು. ಒನಿಟಾ ಅವರ ನಿವೃತ್ತಿ ಪಂದ್ಯಕ್ಕೆ ಕೆಲವೇ ದಿನ ಇರುವಾಗ, ಮೊದಲ ಸ್ಫೋಟದ ಪಂದ್ಯದ ಜೊತೆಗಾರ ಟಾರ್ಜನ್ ಗೋಟೊ ಸಂಸ್ಥೆ ತೊರೆದರು. ಹೋಗಿ ಸೇರಿದ್ದು ಐಡಬ್ಲ್ಯುಎ ಜಪಾನ್ ಅನ್ನು. ಅವರ ಜೊತೆ ಹೋದವರಲ್ಲಿ ಮಿಸ್ಟರ್ ಗನ್ನೊಸುಕೆ ಒಬ್ಬರು. ಖಾಲಿಯಾದ ಜಾಗದಲ್ಲಿ 1995ರ ಮೇ 5ರಂದು ಒನಿಟಾ ಎದುರು ನಿಂತದ್ದು ಯುವ ತಾರೆ ಹಯಬುಸಾ. ಸಂಘಟಕರ ಲೆಕ್ಕದಲ್ಲಿ ಆ ದಿನ ಸೇರಿದ್ದವರು 58,250 ಜನ. ಹಯಬುಸಾ ಮತ್ತು ಗನ್ನೊಸುಕೆ ಕಾಲೇಜು ದಿನಗಳಿಂದ ಗೆಳೆಯರು. ಮುಂದೆ ಗನ್ನೊಸುಕೆ ಮರಳಿ ಬಂದು ಹಯಬುಸಾ ಅವರ ಬದ್ಧ ವೈರಿಯ ಪಾತ್ರ ವಹಿಸಿದರು.

ನಿವೃತ್ತರಾದ ಒನಿಟಾ ಎರಡೇ ವರ್ಷದೊಳಗೆ ವಾಪಸಾದರು. ಮುಂದೆ ಎಷ್ಟೋ ಬಾರಿ ನಿವೃತ್ತಿ ಘೋಷಿಸಿ ಎಷ್ಟೋ ಬಾರಿ ಮರಳಿದರು. 1998ರಲ್ಲಿ ನ್ಯೂ ಜಪಾನ್‌ನ ಬೇಲಿ ದಾಟಲು ಹೋದಾಗ ರಿಕಿ ಚೋಶು ‘ದಾಟಬೇಡ’ ಎಂದು ತಡೆದ ದೃಶ್ಯ ಜಪಾನಿನಲ್ಲಿ ಪ್ರಸಿದ್ಧ. ಆದರೆ 1999ರ ಏಪ್ರಿಲ್‌ನಲ್ಲಿ ಟೋಕಿಯೋ ಡೋಮ್‌ನಲ್ಲಿ, ಅದೇ ನ್ಯೂ ಜಪಾನ್‌ನ ರಿಂಗ್‌ನಲ್ಲಿ, ಮಸಾಹಿರೋ ಚೋನೊ ಎದುರು ಮುಳ್ಳುತಂತಿ ಸಿಡಿಯಿತು. 2000ದಲ್ಲಿ ತಡೆದ ಚೋಶು ಅವರೇ ಸ್ಫೋಟದ ಪಂದ್ಯಕ್ಕೆ ಇಳಿದರು. 2001ರಲ್ಲಿ ಒನಿಟಾ ಜಪಾನಿನ ಸಂಸತ್ತಿನ ಮೇಲ್ಮನೆಗೆ ಆಯ್ಕೆಯಾದರು!

ತೆತ್ತ ಬೆಲೆ

ಇಷ್ಟು ಓದಿದರೆ ಇದೆಲ್ಲ ಮೋಜು ಎನಿಸಬಹುದು. ಅಲ್ಲ.

1992ರ ಮೇ 6ರಂದು ಹ್ಯೋಗೊ ಪ್ರಾಂತ್ಯದ ಸಾಂಡಾದಲ್ಲಿ ಎಫ್‌ಎಂಡಬ್ಲ್ಯು ಬೆಂಕಿಯ ಪಂದ್ಯ ಏರ್ಪಡಿಸಿತ್ತು. ಒಂದು ಕಡೆ ಒನಿಟಾ ಮತ್ತು ಗೋಟೊ, ಇನ್ನೊಂದು ಕಡೆ ಅಮೆರಿಕದ ದಿ ಶೇಕ್ ಮತ್ತು ಅವರ ಸೋದರಳಿಯ ಸಾಬು. ರಿಂಗ್‌ನ ಸುತ್ತ ಹಚ್ಚಿದ ಬೆಂಕಿ ಕೈಮೀರಿತು. ಕೆಲವೇ ನಿಮಿಷದಲ್ಲಿ ಎಲ್ಲರೂ ಹೊರಗೆ ಓಡಬೇಕಾಯಿತು. ವಯಸ್ಸಾಗಿದ್ದ ಶೇಕ್ ತೀವ್ರ ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದರು. ಲೆಕ್ಕಾಚಾರ ತಪ್ಪಿದರೆ ಪ್ರದರ್ಶನ ಎಷ್ಟು ಬೇಗ ದುರಂತವಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಆದರೆ ಎಫ್‌ಎಂಡಬ್ಲ್ಯುವಿನ ಅತಿ ದೊಡ್ಡ ದುರಂತದಲ್ಲಿ ಬೆಂಕಿ ಇರಲಿಲ್ಲ, ತಂತಿ ಇರಲಿಲ್ಲ, ಗಾಜೂ ಇರಲಿಲ್ಲ. 2001ರ ಅಕ್ಟೋಬರ್ 22ರಂದು ಕೊರಾಕುಯೆನ್ ಹಾಲ್‌ನಲ್ಲಿ ಹಯಬುಸಾ ತಾವು ಎಷ್ಟೋ ಸಲ ಮಾಡಿದ್ದ ಪಲ್ಟಿ ಹೊಡೆಯಲು ಹಗ್ಗದ ಮೇಲೆ ಕಾಲಿಟ್ಟರು. ಕಾಲು ಜಾರಿತು. ತಲೆ ನೆಲಕ್ಕೆ ಬಡಿದು ಕುತ್ತಿಗೆಯ ಮೂಳೆಗೆ ಪೆಟ್ಟಾಯಿತು. ಆಕಾಶದಲ್ಲಿ ಹಾರುವ ಡೇಗೆಯ ಹೆಸರಿಟ್ಟುಕೊಂಡಿದ್ದ ಕುಸ್ತಿಪಟು ಅಂದಿನಿಂದ ಗಾಲಿಕುರ್ಚಿಗೆ ಸೀಮಿತರಾದರು.

ನಾಲ್ಕೇ ತಿಂಗಳಲ್ಲಿ, 2002ರ ಫೆಬ್ರವರಿಯಲ್ಲಿ, ಎಫ್‌ಎಂಡಬ್ಲ್ಯು ದಿವಾಳಿಯಾಯಿತು. ಒನಿಟಾ ಅವರಿಂದ ಸಂಸ್ಥೆ ವಹಿಸಿಕೊಂಡಿದ್ದ ಅಧ್ಯಕ್ಷ ಶೋಯಿಚಿ ಅರಾಯಿ ಸಾಲದ ಹೊರೆಯ ನಡುವೆ ಅದೇ ಮೇ ತಿಂಗಳಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಹಯಬುಸಾ ಗಾಯಕರಾಗಿ ವೇದಿಕೆ ಏರಿದರು, ವರ್ಷಗಳ ಪ್ರಯತ್ನದ ನಂತರ ಕೋಲು ಹಿಡಿದು ನಿಲ್ಲುವಷ್ಟು ಚೇತರಿಸಿಕೊಂಡರು. 2016ರ ಮಾರ್ಚ್ 3ರಂದು ಮೆದುಳಿನ ರಕ್ತಸ್ರಾವದಿಂದ 47ನೇ ವಯಸ್ಸಿನಲ್ಲಿ ತೀರಿಕೊಂಡರು.

ಕಣ್ಣಿಗೆ ಕಾಣುವ ಅಪಾಯಕ್ಕೆ ಎಲ್ಲರೂ ಸಿದ್ಧರಾಗಿ ಬರುತ್ತಾರೆ. ಬದುಕು ಮುರಿಯುವುದು ಹೆಚ್ಚಾಗಿ ಕಾಣದ ಅಪಾಯದಿಂದ: ಜಾರುವ ಹಗ್ಗ, ಸವೆದ ಮೊಣಕಾಲು, ತೀರದ ಸಾಲ.

ಯೋಕೊಹಾಮಾದ ಟ್ಯೂಬ್‌ಲೈಟ್ ಪರಂಪರೆ

ಎಫ್‌ಎಂಡಬ್ಲ್ಯು ಅಸ್ತಂಗತವಾದರೂ ಡೆತ್‌ಮ್ಯಾಚ್ ಸಾಯಲಿಲ್ಲ. 1995ರಲ್ಲಿ ಪ್ರದರ್ಶನ ಆರಂಭಿಸಿದ ಬಿಗ್ ಜಪಾನ್ ಸಂಸ್ಥೆ ಅದನ್ನು ಮುಂದಕ್ಕೆ ಒಯ್ದಿತು. ಯೋಕೊಹಾಮಾ ಮೂಲದ ಈ ಸಂಸ್ಥೆಯನ್ನು ಕಟ್ಟಿದವರು ಗ್ರೇಟ್ ಕೊಜಿಕಾ ಮತ್ತು ಕೆಂಡೋ ನಾಗಾಸಾಕಿ. 1942ರಲ್ಲಿ ಹುಟ್ಟಿದ ಕೊಜಿಕಾ 80 ದಾಟಿದ ಮೇಲೂ ರಿಂಗ್‌ಗೆ ಇಳಿದವರು.

ಸ್ಫೋಟಕ್ಕೆ ದುಡ್ಡು ಬೇಕು, ದೊಡ್ಡ ಮೈದಾನ ಬೇಕು. ಬಿಗ್ ಜಪಾನ್ ಬಳಿ ಎರಡೂ ಇರಲಿಲ್ಲ. ಶುರುವಿನಲ್ಲಿ ವಿಚಿತ್ರ ಪ್ರಯೋಗಗಳು ನಡೆದವು. 1996ರಲ್ಲಿ ಮಾತ್ಸುನಾಗಾ ಮತ್ತು ನಾಗಾಸಾಕಿ ರಿಂಗ್‌ನ ನಡುವೆ ಪಿರಾನಾ ಮೀನುಗಳ ತೊಟ್ಟಿ ಇಟ್ಟುಕೊಂಡು ಆಡಿದರು! ಕೊನೆಗೆ ಸಂಸ್ಥೆಯ ಗುರುತಾಗಿ ಉಳಿದದ್ದು ಅಗ್ಗದ, ಎಲ್ಲರ ಮನೆಯಲ್ಲೂ ಇರುವ ವಸ್ತು, ಅಂದರೆ ಟ್ಯೂಬ್‌ಲೈಟ್. ತೆಳು ಗಾಜು, ಒಡೆದರೆ ಪಟಾಕಿಯಂತಹ ಸದ್ದು, ಮೋಡದಂತೆ ಏಳುವ ಬಿಳಿ ಪುಡಿ. ಸಣ್ಣ ಹಾಲ್‌ನ ಕೊನೆಯ ಸಾಲಿನವರಿಗೂ ಅದು ಕಾಣುತ್ತದೆ, ಕೇಳಿಸುತ್ತದೆ.

ಬಣ ಕಾಳಗವೂ ಹೊಸ ರೂಪ ಪಡೆಯಿತು. 2000ದ ಹೊತ್ತಿಗೆ ಜಾನ್ ಝ್ಯಾಂಡಿಗ್ ನೇತೃತ್ವದ ಅಮೆರಿಕದ ಸಿಝಡ್‌ಡಬ್ಲ್ಯು ತಂಡ ಬಿಗ್ ಜಪಾನ್ ಮೇಲೆ ‘ದಂಡೆತ್ತಿ’ ಬಂತು. ಜಪಾನಿನಿಂದ ಕಲಿತ ವಿದ್ಯೆಯನ್ನು ಅಮೆರಿಕದವರು ತಿರುಗಿ ತಂದಿದ್ದರು. ಇಂದು ಬಿಗ್ ಜಪಾನ್ ಒಳಗೇ ಎರಡು ಧಾರೆಗಳಿವೆ: ಒಂದು ಡೆತ್‌ಮ್ಯಾಚ್, ಇನ್ನೊಂದು ಗಾಜು ಮುಟ್ಟದೆ ಬಲದ ಮೇಲೆ ಆಡುವ ‘ಸ್ಟ್ರಾಂಗ್’.

ಜುನ್ ಕಸಾಯಿ: ಬದುಕಿ ಮನೆಗೆ ಹೋಗುವ ‘ಹುಚ್ಚು ಕೋತಿ’

ಈ ತಲೆಮಾರಿನ ದೊಡ್ಡ ಹೆಸರು ಜುನ್ ಕಸಾಯಿ. 1974ರಲ್ಲಿ ಹೊಕ್ಕೈಡೊದಲ್ಲಿ ಹುಟ್ಟಿದ ಅವರು ಸೆಕ್ಯುರಿಟಿ ಗಾರ್ಡ್ ಆಗಿ ದುಡಿದು, 1998ರಲ್ಲಿ ಬಿಗ್ ಜಪಾನ್ ಮೂಲಕ ಕುಸ್ತಿಗೆ ಇಳಿದರು. ಅಡ್ಡಹೆಸರು ‘ಹುಚ್ಚು ಕೋತಿ’. ಕೆಲವು ವರ್ಷಗಳಲ್ಲಿ ಸಂಸ್ಥೆ ತೊರೆದು ಹಲವು ಕಡೆ ಅಲೆದು, 2009ರಲ್ಲಿ ತಕಾಶಿ ಸಸಾಕಿ ಕಟ್ಟಿದ ಫ್ರೀಡಮ್ಸ್ ಸಂಸ್ಥೆಯಲ್ಲಿ ನೆಲೆ ನಿಂತರು. ಅಲ್ಲಿಗೆ ಡೆತ್‌ಮ್ಯಾಚ್ ಲೋಕದಲ್ಲಿ ಎರಡು ದೊಡ್ಡ ಮನೆಗಳಾದವು.

ಅದೇ ವರ್ಷದ ನವೆಂಬರ್ 20ರಂದು ಯೋಕೊಹಾಮಾದಲ್ಲಿ ಕಸಾಯಿ ತಮ್ಮ ಹಳೆಯ ಮನೆಗೆ ಎದುರಾಳಿಯಾಗಿ ಬಂದರು. ಇನ್ನೊಂದು ಬದಿಯಲ್ಲಿ ಬಿಗ್ ಜಪಾನ್‌ನ ನಂಬರ್ ಒನ್ ರ್ಯೂಜಿ ಇಟೊ. ಬ್ಲೇಡ್ ಅಂಟಿಸಿದ ಹಲಗೆಗಳ ನಡುವೆ ನಡೆದ ಪಂದ್ಯದಲ್ಲಿ ಇಟೊ ಗೆದ್ದರು. ದೊಡ್ಡ ಸಂಸ್ಥೆಗಳ ಎಲ್ಲ ಪಂದ್ಯಗಳನ್ನೂ ಹಿಂದಿಕ್ಕಿ ಟೋಕಿಯೋ ಸ್ಪೋರ್ಟ್ಸ್‌ನ ವರ್ಷದ ಶ್ರೇಷ್ಠ ಪಂದ್ಯ ಪ್ರಶಸ್ತಿ ಅದಕ್ಕೆ ಸಿಕ್ಕಿತು. 2021ರಲ್ಲಿ ಅವರ ಬದುಕಿನ ಸಾಕ್ಷ್ಯಚಿತ್ರವೂ ತೆರೆಕಂಡಿತು.

ಕಸಾಯಿ ಬೆನ್ನ ಮೇಲಿನ ಕಲೆಗಳನ್ನು ನೋಡಿದವರು ಅವರಿಗೆ ಸಾವಿನ ಭಯವಿಲ್ಲ ಎಂದುಕೊಳ್ಳುತ್ತಾರೆ. ಅವರ ನಿಲುವು ಇದಕ್ಕೆ ತದ್ವಿರುದ್ಧ. ಸತ್ತರೂ ಪರವಾಗಿಲ್ಲ ಎಂದು ಬರುವವನಿಗೆ ಈ ರಿಂಗ್‌ನಲ್ಲಿ ಜಾಗವಿಲ್ಲ, ಬದುಕಿ ಮನೆಗೆ ಮರಳಿದಾಗಲೇ ಪಂದ್ಯ ಮುಗಿಯುವುದು ಎಂಬುದು ಅವರ ಮಾತುಗಳ ಸಾರ.

ಮಹಿಳೆಯರೂ ಹಿಂದೆ ಬಿದ್ದಿಲ್ಲ

1996ರ ಮೇ 5ರಂದು ಕಾವಾಸಾಕಿಯಲ್ಲಿ ಮೆಗುಮಿ ಕುಡೊ ಮತ್ತು ಕಾಂಬ್ಯಾಟ್ ಟೊಯೊಡಾ ಮುಳ್ಳುತಂತಿ ಸ್ಫೋಟದ ಪಂದ್ಯ ಆಡಿದರು. ಅದು ಟೊಯೊಡಾ ಅವರ ವಿದಾಯ ಪಂದ್ಯ. ಗೆಳತಿಗೆ ಕೊಡುವ ಕೊನೆಯ ಗೌರವ ಎಂಬಂತೆ ಅದನ್ನು ಜನ ಇಂದಿಗೂ ನೆನೆಯುತ್ತಾರೆ. 2022ರ ಆರಂಭದಲ್ಲಿ ರಿಸಾ ಸೆರಾ, ಸುಝು ಸುಝುಕಿ ಸೇರಿದಂತೆ ಐವರು ತಾವಿದ್ದ ಸಂಸ್ಥೆಯಿಂದ ಹೊರಬಂದು ‘ಪ್ರಾಮಿನೆನ್ಸ್’ ಎಂಬ ಬಣ ಕಟ್ಟಿದರು. ಡೆತ್‌ಮ್ಯಾಚ್ ಅದರ ಮುಖ್ಯ ಗುರುತಾಗಿತ್ತು.

ಭಾರತದ ನಂಟು

ಈ ಕಥೆಯಲ್ಲಿ ಪಂಜಾಬಿನ ಮಣ್ಣಿನ ಮಗನೂ ಒಬ್ಬರಿದ್ದಾರೆ. ಪಂಜಾಬ್‌ನಲ್ಲಿ ಹುಟ್ಟಿ ಕೆನಡಾಕ್ಕೆ ವಲಸೆ ಹೋದ ಟೈಗರ್ ಜೀತ್ ಸಿಂಗ್, ಪೇಟ ಸುತ್ತಿ ಕತ್ತಿ ಹಿಡಿದು ಬರುತ್ತಿದ್ದ ಜಪಾನಿನ ಅತಿ ದೊಡ್ಡ ಖಳನಾಯಕ. 1973ರಲ್ಲಿ ಟೋಕಿಯೋದ ಶಿಂಜುಕುವಿನ ಡಿಪಾರ್ಟ್‌ಮೆಂಟ್ ಸ್ಟೋರ್ ಎದುರು, ಹೆಂಡತಿಯ ಜೊತೆಗಿದ್ದ ಇನೋಕಿ ಮೇಲೆ ನಡುಬೀದಿಯಲ್ಲೇ ‘ದಾಳಿ’ ಮಾಡಿದ ಪ್ರಕರಣ ದೇಶಾದ್ಯಂತ ಸುದ್ದಿಯಾಗಿತ್ತು. ಮೊಳೆ ಹಲಗೆಯ ಪಂದ್ಯದ ಉಯೆಡಾ ಇವರ ಜೊತೆಗಾರ. 90ರ ದಶಕದಲ್ಲಿ ಒನಿಟಾ ಅವರ ಎಫ್‌ಎಂಡಬ್ಲ್ಯು ರಿಂಗ್‌ನಲ್ಲೂ ಸಿಂಗ್ ಆಡಿದರು.

ಮುಂದೇನು? ಟ್ಯೂಬ್‌ಲೈಟೇ ಸಿಗದ ಕಾಲ

ಈಗ ಡೆತ್‌ಮ್ಯಾಚ್ ಎದುರು ಯಾರೂ ನಿರೀಕ್ಷಿಸದ ಎದುರಾಳಿ ನಿಂತಿದೆ. ಟ್ಯೂಬ್‌ಲೈಟ್‌ನಲ್ಲಿ ಅಲ್ಪ ಪ್ರಮಾಣದ ಪಾದರಸ ಇರುತ್ತದೆ. ಪಾದರಸದ ವಿಷದಿಂದ ಸಾವಿರಾರು ಜನ ನರಳಿದ ಜಪಾನಿನ ಮಿನಾಮಾಟಾ ಊರಿನ ಹೆಸರಿನಲ್ಲೇ ಇರುವ ಅಂತಾರಾಷ್ಟ್ರೀಯ ಒಪ್ಪಂದದ ದೇಶಗಳು, 2027ರ ಕೊನೆಯೊಳಗೆ ಸಾಮಾನ್ಯ ಬಳಕೆಯ ಟ್ಯೂಬ್‌ಲೈಟ್‌ಗಳ ತಯಾರಿಕೆ ಮತ್ತು ಆಮದು-ರಫ್ತು ನಿಲ್ಲಿಸಲು 2023ರಲ್ಲಿ ತೀರ್ಮಾನಿಸಿವೆ. ನಮ್ಮ ಮನೆಗಳಲ್ಲಿ ಆದಂತೆ ಅಲ್ಲಿಯೂ ಎಲ್‌ಇಡಿ ಬಂದಿದೆ. ಅನೇಕ ಎಲ್‌ಇಡಿ ಟ್ಯೂಬ್‌ಗಳ ಹೊರಕವಚ ಪ್ಲಾಸ್ಟಿಕ್. ಅವು ಸಿಡಿಯುವುದಿಲ್ಲ.

ಕಡಿಮೆ ದುಡ್ಡಿನಲ್ಲಿ ದೊಡ್ಡ ದೃಶ್ಯ ಕಟ್ಟಿಕೊಡುತ್ತಿದ್ದ ವಸ್ತುವೇ ಕೈತಪ್ಪಿದರೆ ಸಣ್ಣ ಸಂಸ್ಥೆಗಳು ಬೇರೆ ದಾರಿ ಹುಡುಕಲೇಬೇಕು. ಸ್ಫೋಟಕ್ಕೆ ಮರಳುವುದು ಸುಲಭವಲ್ಲ. 2021ರ ಮಾರ್ಚ್‌ನಲ್ಲಿ ಅಮೆರಿಕದ ಎಇಡಬ್ಲ್ಯು ಸಂಸ್ಥೆ ಒನಿಟಾ ಮಾದರಿಯಲ್ಲಿ ಕೆನ್ನಿ ಒಮೆಗಾ ಮತ್ತು ಜಾನ್ ಮಾಕ್ಸ್ಲಿ ನಡುವೆ ಮುಳ್ಳುತಂತಿ ಸ್ಫೋಟದ ಪಂದ್ಯ ಏರ್ಪಡಿಸಿತ್ತು. ಕೊನೆಯಲ್ಲಿ ರಿಂಗ್ ಸ್ಫೋಟಿಸಬೇಕಿದ್ದ ಬಾಂಬ್ ಸುರುಸುರು ಬತ್ತಿಯಂತೆ ಕಿಡಿ ಕಾರಿ ಸುಮ್ಮನಾಯಿತು. ಕೋಟಿಗಟ್ಟಲೆ ದುಡ್ಡಿರುವ ಸಂಸ್ಥೆ ಜಗತ್ತಿನೆದುರು ನಗೆಪಾಟಲಾಯಿತು.

ಹಾಗಾದರೆ ಈ ಆಟ ಬೇಕೇ? ರಕ್ತ ನೋಡಲಾಗದವರು ನೋಡದಿರುವುದೇ ಒಳ್ಳೆಯದು. ಮಕ್ಕಳ ಕೈಗೆ ಈ ವಿಡಿಯೋಗಳು ಸಿಗದಂತೆ ನೋಡಿಕೊಳ್ಳಿ. ಟ್ಯೂಬ್‌ಲೈಟ್ ಒಡೆದು ಅನುಕರಿಸಿದರೆ ಗಾಜಿನ ಜೊತೆ ಪಾದರಸವೂ ಮೈ ಸೇರುತ್ತದೆ. ಆದರೆ ಆಡುವವರನ್ನು ಹುಚ್ಚರು ಎಂದು ತಳ್ಳಿಹಾಕುವ ಮುನ್ನ ‘ಮಿಸ್ಟರ್ ಡೇಂಜರ್’ ಏನಾದರು ಎಂದು ನೋಡಿ. ಬಾಲ್ಕನಿಯಿಂದ ಹಾರಿದ, ಬೆಂಕಿಯಲ್ಲಿ ಕಾದಾಡಿದ, ಪಿರಾನಾ ಎದುರಿಸಿದ ಮಾತ್ಸುನಾಗಾ 90ರ ದಶಕದಲ್ಲೇ ಟೋಕಿಯೋದ ಸುಮಿದಾದಲ್ಲಿ ಒಂದು ಸ್ಟೀಕ್ ಹೋಟೆಲ್ ತೆರೆದರು. ಹೋಟೆಲ್ ಹೆಸರು ‘ಮಿಸ್ಟರ್ ಡೇಂಜರ್’. ಅಷ್ಟೆಲ್ಲ ಅಪಾಯ ದಾಟಿ ಬಂದ ಮನುಷ್ಯ ಒಲೆಯ ಮುಂದೆ ನಿಂತು ಗಿರಾಕಿಗಳಿಗೆ ಊಟ ಬಡಿಸುವುದನ್ನೇ ಬದುಕಾಗಿಸಿಕೊಂಡರು. ಡೆತ್‌ಮ್ಯಾಚ್‌ನಲ್ಲಿ ಗೆಲುವು ಅಂದರೆ ಅದೇ.